ಉಪ್ಪುನೀರಿನ ಟ್ಯಾಂಕಿಗೆ ಗೆರಟೆ ಇದ್ದಿಲು ಏಕೆ ಸಾಲದು?

ಕಾಸರಗೋಡಿನ ಕಡೆ ತೆಂಗಿನ ಗೆರಟೆ ಸುಟ್ಟು ಇದ್ದಿಲು ಮಾಡುವುದು ಯಾರಿಗೂ ಹೊಸತಲ್ಲ. ಇಸ್ತ್ರಿ ಪೆಟ್ಟಿಗೆಗೆ ಹಾಕುತ್ತಿದ್ದುದೂ ಅದೇ ಕೆಂಡ. ಹಾಗಿರುವಾಗ ಸಮುದ್ರದ ಮೀನು ಸಾಕುವವರು ಟ್ಯಾಂಕಿನ ನೀರಿನ ಹಳದಿ ಬಣ್ಣ ಹೀರಲು ಅಂಗಡಿಯ ಕಾರ್ಬನ್ನಿಗೆ (ಆಕ್ಟಿವೇಟೆಡ್ ಕಾರ್ಬನ್) ದುಡ್ಡು ಸುರಿಯಬೇಕೇ? ಬೇಕು. ಒಲೆಯಲ್ಲಿ ಸುಟ್ಟ ಗೆರಟೆಯ ರಂಧ್ರಗಳು ಡಾಂಬರಿನಂಥ ಅಂಟಿನಿಂದ ಮುಚ್ಚಿಕೊಂಡಿರುತ್ತವೆ. 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದಾಗ ಅಂಟು ಹೋಗಿ, ಇದ್ದಿಲೂ ಒಂದಿಷ್ಟು ಸವೆದು, ಒಳಗೆಲ್ಲ ಸೂಕ್ಷ್ಮ ದಾರಿಗಳು ತೆರೆಯುತ್ತವೆ. ಒಂದು ಗ್ರಾಂ ಕಾರ್ಬನ್ನಿನ ಒಳಮೈ ಸುಮಾರು 1000 ಚದರ ಮೀಟರ್ ಆಗುವುದು ಆಮೇಲೆಯೇ.

ಇದ್ದಿಲು ದ್ರವದ ಬಣ್ಣ ಹೀರುತ್ತದೆಂದು 1785ರಲ್ಲಿ ರಷ್ಯದಲ್ಲಿ ಕಂಡುಕೊಂಡವನು ರಸಾಯನಶಾಸ್ತ್ರಜ್ಞ ತೋಬಿಯಾಸ್ ಲೋವಿಟ್ಸ್. ಸಕ್ಕರೆ ಬಿಳಿ ಮಾಡುವವರು ಆ ಗುಣವನ್ನು ಬಳಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖವಾಡಗಳಿಗೆ ಗೆರಟೆಯ ಕಾರ್ಬನ್ ಹೋಯಿತು. ಅಕ್ವೇರಿಯಂಗೆ ಅದು ಬಂದದ್ದು ಮೂಲೆಯಲ್ಲಿಡುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ: ಮೇಲೆ ಹತ್ತಿ, ಕೆಳಗೆ ಕಾರ್ಬನ್, ನೀರೆಳೆಯಲು ಗಾಳಿಯ ಗುಳ್ಳೆ. ಮುಂದೆ ಟ್ಯಾಂಕಿನ ಕೆಳಗೆ ಸಂಪ್ (ನೀರು ಸೋಸುವ ಇನ್ನೊಂದು ತೊಟ್ಟಿ) ಇಡುವ ರೂಢಿಯಾದಾಗ ಕಾರ್ಬನ್ ಬಲೆಚೀಲಕ್ಕೆ ಸೇರಿತು. ತಡೆಯಿಲ್ಲದ ದಾರಿ ಇರುವಾಗ ನೀರು ಚೀಲದೊಳಗೆ ನುಗ್ಗುವುದಿಲ್ಲ, ಬದಿಯಿಂದ ಜಾರಿಹೋಗುತ್ತದೆ. ನೀರಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿದ ಮುಚ್ಚಿದ ಕೊಳವೆಯೇ ರಿಯಾಕ್ಟರ್.

ಅಲ್ಲಿಂದ ಬೇರೊಂದು ತಪ್ಪು ಶುರುವಾಯಿತು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ರಿಯಾಕ್ಟರ್‌ನಲ್ಲಿ ಹಗುರಾಗಿ ಕುಣಿಯುವಂತೆ ಇಡಬೇಕು, ಇಲ್ಲದಿದ್ದರೆ ಅವು ಗಟ್ಟಿ ಕಟ್ಟುತ್ತವೆ. ಕಾರ್ಬನ್ನನ್ನೂ ಹಾಗೆಯೇ ಕುಣಿಸಿದವರ ಟ್ಯಾಂಕಿನಲ್ಲಿ ಕಾಳು ಕಾಳಿಗೆ ಉಜ್ಜಿ ಕಪ್ಪು ಪುಡಿ ಹರಡಿತು. ಸರ್ಜನ್ ಮೀನುಗಳ ತಲೆ ಮತ್ತು ಪಾರ್ಶ್ವರೇಖೆಯ (ಮೈಯ ಬದಿಯುದ್ದಕ್ಕೂ ಇರುವ ಗೆರೆ) ಚರ್ಮ ಕೊರೆದಂತಾಗುವ ರೋಗಕ್ಕೆ ಕಾರ್ಬನ್ ಕಾರಣವಿರಬಹುದೆಂಬ ಶಂಕೆ ಹಳೆಯದು. ಅಮೆರಿಕದ ಟೊಲೆಡೊ ಮೃಗಾಲಯದ ಜೇ ಹೆಮ್ಡಾಲ್ ಅದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಪುಡಿ ಬಿಡುವ ಲಿಗ್ನೈಟ್ (ಕಂದು ಕಲ್ಲಿದ್ದಲು) ಕಾರ್ಬನ್ ಇದ್ದ ನೀರಿನ ಮೀನುಗಳಿಗೆ ರೋಗ ಜೋರಾಗಿಯೇ ಬಂತು. ಗಟ್ಟಿ ಗುಳಿಗೆಯ ಕಾರ್ಬನ್ ಇದ್ದಲ್ಲಿ ಕಡಿಮೆ, ಕಾರ್ಬನ್ನೇ ಇಲ್ಲದಲ್ಲಿ ಇಲ್ಲ. ಆದ್ದರಿಂದ ರಿಯಾಕ್ಟರ್ ಜೋಡಿಸುವಾಗಿನ ಮುಖ್ಯ ಎಚ್ಚರಿಕೆ ಒಂದೇ: ಕಾಳು ಅಲುಗಬಾರದು.

200 ಲೀಟರಿನ ಟ್ಯಾಂಕಿಗೆ ಸುಮಾರು 200 ಮಿಲಿಲೀಟರ್, ಅಂದರೆ 100 ಗ್ರಾಂನಷ್ಟು ಕಾರ್ಬನ್ ಸಾಕು. ಮೊದಲ ಸಲ ಅರ್ಧವನ್ನೇ ಹಾಕಿ. ಹಳದಿ ನೀರು ಒಮ್ಮೆಲೇ ತಿಳಿಯಾದರೆ ಹೂವಿನಂತೆ ಕಾಣುವ ಸಮುದ್ರಜೀವಿಗಳಾದ ಅನಿಮೋನ್‌ಗಳ ಮೇಲೆ ಬೆಳಕು ಹೆಚ್ಚು ಬಿದ್ದು ಅವು ಮುದುಡುತ್ತವೆ. ಕಾರ್ಬನ್ನನ್ನು ಆರ್‌ಒ ನೀರಿನಲ್ಲಿ ಕಪ್ಪು ಹೋಗುವವರೆಗೆ ತೊಳೆಯಿರಿ. ಮುರಕಲ್ಲಿನ ಬಾವಿಯ ನೀರಲ್ಲಿ ಕಬ್ಬಿಣ ಇರಬಹುದಾದ್ದರಿಂದ ಅದು ಬೇಡ. ಕೊಳವೆಯ ತಳಕ್ಕೆ ಸ್ಪಂಜು, ಮೇಲೆ ಕಾರ್ಬನ್, ಅದಕ್ಕೆ ತಾಗಿ ಒತ್ತುವಂತೆ ಇನ್ನೊಂದು ಸ್ಪಂಜು. ನೀರು ಕೆಳಗಿನಿಂದ ಮೇಲಕ್ಕೆ ಹರಿದರೆ ಗಾಳಿಯೂ ಹೊರಹೋಗುತ್ತದೆ. ಪಂಪಿನ ಹರಿವು ಗಂಟೆಗೆ 150ರಿಂದ 200 ಲೀಟರ್ ಇರಲಿ. ವಾಲ್ವನ್ನು ನೀರು ಒಳಹೋಗುವ ಕಡೆ ಇಟ್ಟರೆ ಕೊಳವೆಯ ಮೇಲೆ ಒತ್ತಡ ಕಡಿಮೆ. ಮುಚ್ಚಳದ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಹಚ್ಚಿದರೆ ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತದೆ. ರಿಯಾಕ್ಟರ್ ಸಂಪಿನೊಳಗೇ ನಿಲ್ಲಲಿ, ಸೋರಿದರೂ ನೆಲಕ್ಕೆ ಬೀಳದು. ಮೊದಲ ಹತ್ತು ಲೀಟರ್ ನೀರನ್ನು ಬಕೆಟಿಗೆ ಬಿಟ್ಟು, ತಿಳಿಯಾದ ಮೇಲೆಯೇ ನೀರು ಹೊರಬರುವ ಪೈಪನ್ನು ಸಂಪಿಗೆ ತಿರುಗಿಸಿ.

ಆಟಿಯ ಮಳೆಗೆ ಕರೆಂಟ್ ಹೋಗಿ ನಾಲ್ಕೈದು ಗಂಟೆ ಪಂಪ್ ನಿಂತರೆ, ಕೊಳವೆಯೊಳಗಿನ ನೀರಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾ ಮುಗಿಸಿಬಿಡುತ್ತವೆ. ಇನ್ನೂ ತಡವಾದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ನೀರು ಟ್ಯಾಂಕಿಗೆ ಸೇರದಂತೆ ಮೊದಲು ಬಕೆಟಿಗೆ ಬಿಡಿ. ವಾಸನೆ ಇದ್ದರೆ ಕಾರ್ಬನ್ನನ್ನೇ ಬದಲಿಸಿ.

ತೆಂಗಿನ ನಾಡಿನವರಿಗೆ ಕೇಳಲು ಕಷ್ಟವಾದರೂ ಹೇಳಲೇಬೇಕು: ನೀರನ್ನು ಹಳದಿಯಾಗಿಸುವ ವಸ್ತುಗಳ ಅಣುಗಳು ದೊಡ್ಡವು, ಗೆರಟೆಯ ಕಾರ್ಬನ್ನಿನ ರಂಧ್ರಗಳು ಬಹುಪಾಲು ತೀರ ಕಿರಿದು. ಬಣ್ಣ ತೆಗೆಯುವುದರಲ್ಲಿ ಬಿಟುಮಿನಸ್ ಕಲ್ಲಿದ್ದಲಿನ ಕಾರ್ಬನ್ ಮೇಲು. ಗೆರಟೆಯದ್ದು ಗಟ್ಟಿ, ಪುಡಿ ಕಡಿಮೆ. ಮೀನು ಮಾತ್ರ ಇರುವ ಟ್ಯಾಂಕಿಗೆ ಅದು ಧಾರಾಳ. ಅಮೋನಿಯ, ನೈಟ್ರೇಟ್, ಫಾಸ್ಫೇಟ್‌ಗಳನ್ನು ಇಳಿಸುವ ಭರವಸೆ ಎರಡರಿಂದಲೂ ಬೇಡ.

ಮೂರು–ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಅನುಮಾನವಿದ್ದರೆ ಎರಡು ಬಿಳಿ ಬಕೆಟ್‌ಗಳಲ್ಲಿ ಟ್ಯಾಂಕಿನ ನೀರನ್ನೂ ಹೊಸದಾಗಿ ಬೆರೆಸಿದ ಉಪ್ಪುನೀರನ್ನೂ ಪಕ್ಕಪಕ್ಕ ಇಟ್ಟು ಬಣ್ಣ ನೋಡಿ. ಹಳೆಯದನ್ನು ಮನೆಯ ಓವನ್ನಿನಲ್ಲಿ ಬಿಸಿಮಾಡಿದರೆ ನೀರಾರುತ್ತದೆ ಅಷ್ಟೆ, ಹೀರಿದ್ದು ಹೋಗುವುದಿಲ್ಲ. ಮೀನಿಗೆ ಮದ್ದು ಹಾಕುವ ಮುನ್ನ ಕಾರ್ಬನ್ ತೆಗೆದಿಡಿ, ಇಲ್ಲವಾದರೆ ಮದ್ದನ್ನೂ ಅದೇ ಹೀರುತ್ತದೆ. ಚಿಕಿತ್ಸೆ ಮುಗಿದ ಮೇಲೆ, ನೀರಲ್ಲಿ ಉಳಿದ ಮದ್ದು ತೆಗೆಯಲು ಹೊಸ ಕಾರ್ಬನ್ ತುಂಬಿ ಪಂಪ್ ಹಾಕಿ.