ಕ್ಲಚ್ ಪೆಡಲ್: ತಪ್ಪು ನಟ್ಟಲ್ಲಿಲ್ಲ, ತೂತಲ್ಲಿದೆ

ಒಂದು ಭಾನುವಾರ ಬೆಳಗ್ಗೆ ಇನ್ನೂ ಕಾಫಿ ಕುಡಿದಿರ್ಲಿಲ್ಲ, ಫೋನ್ ಬಂತು. "ಅಣ್ಣಾ, ಗಾಡಿ ರಿವರ್ಸಿಗೆ ಬೀಳ್ತಾನೇ ಇಲ್ಲ, ಕರ್ರ್ ಅಂತದೆ. ಕೇಬಲ್ ನಟ್ ಪೂರ್ತಿ ಟೈಟ್ ಮಾಡಿಬಿಟ್ಟಿದೀನಿ, ಇನ್ನು ಥ್ರೆಡ್ಡೇ ಉಳಿದಿಲ್ಲ." ದಾವಣಗೆರೆ ಹುಡುಗ, ಇಲ್ಲಿ ಇಂಗ್ಲೆಂಡಲ್ಲಿ ಸಾಫ್ಟ್‌ವೇರ್ ಕೆಲಸ, ಎರಡು ವರ್ಷದಿಂದ ಮನೆ ಗ್ಯಾರೇಜಲ್ಲಿ ಲೋಕಾಸ್ಟ್ ಕಟ್ತಾ ಇದಾನೆ. ಗೊತ್ತಿಲ್ದೋರಿಗೆ ಹೇಳ್ತೀನಿ, 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ಅಂತ ಒಂದು ಪುಟಾಣಿ ಓಪನ್ ಕಾರ್ ತಂದ, ಬಿಡಿಭಾಗ ತಗೊಂಡು ಮನೇಲಿ ಜೋಡಿಸ್ಕೊಂಡ್ರೆ ಆಗ ಟ್ಯಾಕ್ಸ್ ಉಳೀತಿತ್ತು, 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಅನ್ನೋ ಕಂಪನಿಗೆ ಹೋಯ್ತು, ಅದೇ ಆಕಾರದ ಗಾಡೀನ ಚೌಕದ ಸ್ಟೀಲ್ ಪೈಪ್ ವೆಲ್ಡ್ ಮಾಡಿ ಹಳೇ ಫೋರ್ಡ್ ಇಂಜಿನ್ ಹಾಕಿ ಜನ ತಾವೇ ಕಟ್ಕೊಂಡ್ರೆ ಅದು ಲೋಕಾಸ್ಟ್. ಇವಂದು ಫೋರ್ಡ್ ಸಿಯೆರಾ ಅನ್ನೋ ಹಳೇ ಕಾರಿನ ಭಾಗಗಳು, 2 ಲೀಟರ್ ಪಿಂಟೋ ಇಂಜಿನ್, ಟೈಪ್ 9 ಗೇರ್‌ಬಾಕ್ಸ್, ಕೇಬಲ್ ಕ್ಲಚ್.

ಸಿಯೆರಾ ಓಡಿಸಿದೋರು ಯಾರೂ ಕ್ಲಚ್ ಅಡ್ಜಸ್ಟ್ ಮಾಡ್ತಾ ಕೂತಿರ್ಲಿಲ್ಲ. ಯಾಕಂದ್ರೆ ಅದರ ಪೆಡಲ್ಲಲ್ಲೇ ಗೇರ್ ಥರ ಹಲ್ಲಿರೋ ಒಂದು ತುಂಡು ಇರುತ್ತೆ, ಕ್ಲಚ್ ಪ್ಲೇಟ್ ಸವೆದ ಹಾಗೆ ತಾನೇ ಸರಿ ಮಾಡ್ಕೊಳತ್ತೆ. ಆದ್ರೆ ಆ ಪೆಡಲ್ ಲೋಕಾಸ್ಟ್ ಒಳಗೆ ಹಿಡಿಯಲ್ಲ, ಕಾಲಿಡೋ ಜಾಗ ಎಷ್ಟು ಇಕ್ಕಟ್ಟು ಅಂದ್ರೆ ದಪ್ಪ ಬೂಟ್ ಹಾಕಿದ್ರೆ ಎರಡು ಪೆಡಲ್ ಒಟ್ಟಿಗೆ ಒತ್ತಿಬಿಡ್ತೀರ. ಹಾಗಾಗಿ ಎಲ್ಲರೂ ಪಟ್ಟಿ ಕತ್ತರಿಸಿ ಸ್ವಂತ ಪೆಡಲ್ ಮಾಡ್ತಾರೆ, ಕೇಬಲ್‌ಗೆ ಎಲ್ಲೋ ಒಂದು ತೂತು ಹೊಡೀತಾರೆ. ಆ "ಎಲ್ಲೋ" ಅನ್ನೋದೇ ಸಮಸ್ಯೆ.

ನಟ್ ತಿರುಗಿಸಿದ್ರೆ ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದು ಬದಲಾಗುತ್ತೆ, ಅಂದ್ರೆ ಫ್ರೀ ಪ್ಲೇ, ಪೆಡಲ್ ಒತ್ತಿದಾಗ ಮೊದಲಿಗೆ ಸಿಗೋ ಪೊಳ್ಳು, ಹೆಚ್ಚು ಕಮ್ಮಿ ಆಗುತ್ತೆ, ಅಷ್ಟೇ. ಕೇಬಲ್ ಒಟ್ಟು ಎಷ್ಟು ಎಳೀಬಹುದು ಅನ್ನೋದನ್ನ ನಟ್ ತೀರ್ಮಾನ ಮಾಡಲ್ಲ, ಪೆಡಲ್ ಉದ್ದ ಮತ್ತು ತೂತಿನ ಜಾಗ ಮಾಡುತ್ತೆ. ನಾನು ಹೋಗಿ ಸ್ಪ್ಯಾನರ್ ಮುಟ್ಟಲೇ ಇಲ್ಲ, ಸ್ಕೇಲ್ ಕೇಳಿದೆ, ಅವನಿಗೆ ಸ್ವಲ್ಪ ನಿರಾಸೆ ಆಯ್ತು ಅನ್ಸುತ್ತೆ.

ಪೆಡಲ್ ತಿರುಗೋ ಕೀಲು, ಅಂದ್ರೆ ಪಿವಟ್‌ನಿಂದ ಕಾಲಿಡೋ ಜಾಗಕ್ಕೆ 240 ಎಂಎಂ, ಪಿವಟ್‌ನಿಂದ ಕೇಬಲ್ ತೂತಿಗೆ 40. ಅಂದ್ರೆ ಆರಕ್ಕೆ ಒಂದು. ಪೆಡಲ್ ನೆಲ ಮುಟ್ಟೋಕೆ 108 ಎಂಎಂ ಇದೆ, ಆರರಿಂದ ಭಾಗಿಸಿದ್ರೆ ಕೇಬಲ್ ಎಳೆಯೋದು 18. ಸರಿ, ಅವನನ್ನ ಸೀಟಲ್ಲಿ ಕೂರಿಸಿ "ನಿಧಾನಕ್ಕೆ ಒತ್ತು" ಅಂತ ನಾನು ಟಾರ್ಚ್ ಹಿಡ್ಕೊಂಡು ಬಾನೆಟ್ ಕಡೆಯಿಂದ ಇಣುಕಿದೆ. ಕೇಬಲ್ಲಿನ ಹೊರ ಕವಚ ಬಂದು ಕೂರೋ ಜಾಗ ಬರೀ ಅಲ್ಯೂಮಿನಿಯಂ ಶೀಟು, ಒತ್ತಿದಾಗೆಲ್ಲ ಎಣ್ಣೆ ಡಬ್ಬದ ತಳದ ಥರ ಟುಬುಕ್ ಅಂತ ಉಬ್ಬುತ್ತೆ, 4 ಎಂಎಂ ಅಲ್ಲೇ ಹೋಯ್ತು. ಉಳಿದದ್ದು 14. ಕೇಬಲ್ ತುದೀಲಿರೋ ಫೋರ್ಕ್ ಅನ್ನೋ ಸನ್ನೆ ಎರಡಕ್ಕೆ ಒಂದು, ಹಾಗಾಗಿ ಕ್ಲಚ್ ಬಿಡಿಸೋಕೆ ಒತ್ತೋ ರಿಲೀಸ್ ಬೇರಿಂಗ್‌ಗೆ ಸಿಕ್ಕಿದ್ದು 7, ಅದು ಸಾಲಲ್ಲ. ಅದೂ ಫ್ರೀ ಪ್ಲೇ ಸೊನ್ನೆ ಮಾಡಿದ ಮೇಲೆ! ಸೊನ್ನೆ ಫ್ರೀ ಪ್ಲೇ ಅಂದ್ರೆ ಬೇರಿಂಗ್ ಸದಾ ಒತ್ಕೊಂಡೇ ಇರುತ್ತೆ, ಈ ಕಡೆ ಗೇರ್ ಬೀಳಲ್ಲ, ಆ ಕಡೆ ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕೂಗುತ್ತೆ ಗಾಡಿ ಓಡಲ್ಲ, ಎರಡೂ ರೋಗ ಒಂದೇ ಗಾಡೀಲಿ.

ಮಾಡಿದ್ದು ಇಷ್ಟು. ಪೆಡಲ್ ಬಿಚ್ಚಿ 55 ಎಂಎಂಗೆ ಹೊಸ ತೂತು ಹಾಕಿದ್ವಿ, ಶೀಟ್ ಹಿಂದೆ ಚಾಸಿಸ್ ಪೈಪಿಗೆ ವೆಲ್ಡ್ ಮಾಡಿ 3 ಎಂಎಂ ಸ್ಟೀಲ್ ಪಟ್ಟಿ ಕೊಟ್ವಿ. ಈಗ ಅದೇ 108ಕ್ಕೆ ಕೇಬಲ್ ಸುಮಾರು 25 ಎಳೆಯುತ್ತೆ. ಪೆಡಲ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಭಾರ ಆಯ್ತು, ಅದನ್ನ ತಪ್ಪಿಸೋಕೆ ಆಗಲ್ಲ, ಎಳೆತ ಬೇಕು ಅಂದ್ರೆ ಕಾಲು ದುಡೀಬೇಕು. ಕೇಬಲ್ ಬದಲು ಆಯಿಲ್ ಒತ್ತಡದ ಹೈಡ್ರಾಲಿಕ್ ಕ್ಲಚ್ ಇದ್ರೂ ಇದೇ ಲೆಕ್ಕ, ಅಲ್ಲಿ ಪೆಡಲ್ ಒತ್ತೋ 0.625 ಇಂಚಿನ ಮಾಸ್ಟರ್ ಸಿಲಿಂಡರ್ ತೆಗೆದು 0.7 ಹಾಕಿದ್ರೆ ಅದೇ ಸ್ಟ್ರೋಕಿಗೆ ಕಾಲು ಭಾಗ ಹೆಚ್ಚು ಆಯಿಲ್ ಹೋಗುತ್ತೆ, ಪೆಡಲ್ಲೂ ಅಷ್ಟೇ ಭಾರ ಆಗುತ್ತೆ.

ಆಮೇಲೆ ಫ್ರೀ ಪ್ಲೇ ಪೆಡಲ್ ಹತ್ರ 15 ಎಂಎಂ ಇಟ್ವಿ, ಕೈಯಲ್ಲಿ ಒತ್ತಿದ್ರೆ ಗೊತ್ತಾಗುತ್ತೆ, ಪೊಳ್ಳು ಮುಗಿದು ಭಾರ ಶುರುವಾಗೋ ಜಾಗ. ಕ್ಲಚ್ ನಿಜವಾಗ್ಲೂ ಎಲ್ಲಿ ಬಿಡುತ್ತೆ ನೋಡೋಕೆ ಇಂಜಿನ್ ಆಫ್ ಮಾಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಫಸ್ಟ್ ಗೇರಿಗೆ ಹಾಕಿ. ಎರಡೂ ಎತ್ತಿದ್ರೆ ಎರಡು ಚಕ್ರಕ್ಕೂ ತಿರುಗು ಹಂಚೋ ಡಿಫರೆನ್ಷಿಯಲ್ ಮೋಸ ಮಾಡುತ್ತೆ, ಒಂದು ತಿರುಗಿಸಿದ್ರೆ ಇನ್ನೊಂದು ಉಲ್ಟಾ ತಿರುಗಿ ಕ್ಲಚ್ ಬಿಟ್ಟಿದೆ ಅಂತ ಅನ್ಸುತ್ತೆ. ಒಬ್ಬರು ಚಕ್ರ ತಿರುಗಿಸ್ತಾ ಇರ್ಬೇಕು, ಇನ್ನೊಬ್ಬರು ಪೆಡಲ್ ನಿಧಾನಕ್ಕೆ ಒತ್ತಬೇಕು. ನಮಗೆ ಸುಮಾರು 90 ಎಂಎಂಗೆ ಚಕ್ರ ಸಲೀಸಾಗಿ ತಿರುಗ್ತು. ಅಲ್ಲಿಂದ 10 ಎಂಎಂ ಬಿಟ್ಟು ನೆಲಕ್ಕೆ ಒಂದು ಬೋಲ್ಟ್ ಹಾಕಿ ಸ್ಟಾಪ್ ಮಾಡಿದ್ವಿ. ಈ ಸ್ಟಾಪ್ ಹಾಕೋದನ್ನ ಮನೇಲಿ ಗಾಡಿ ಕಟ್ಟೋರು ಮರೆತೇಬಿಡ್ತಾರೆ, ಭಯಕ್ಕೆ ಒತ್ತಿದಾಗ ಮನುಷ್ಯನ ಕಾಲಿಗೆ ಎಷ್ಟು ಬಲ ಬರುತ್ತೆ ಅಂದ್ರೆ ಕೇಬಲ್ ಕಿತ್ತುಬರುತ್ತೆ ಇಲ್ಲ ಕ್ಲಚ್ ಒಳಗಿನ ಡಯಾಫ್ರಾಮ್ ಸ್ಪ್ರಿಂಗ್ ಮಿತಿ ಮೀರಿ ಬಾಗುತ್ತೆ.

ಹೊರಡೋ ಮುಂಚೆ ಇಂಜಿನ್ನಿಂದ ಚಾಸಿಸ್‌ಗೆ ಅರ್ತ್ ವೈರ್ ಇದೆಯಾ ಅಂತ ನೋಡ್ದೆ, ಅದು ಇಲ್ದೇ ಹೋದ್ರೆ ಸ್ಟಾರ್ಟರ್ ಕರೆಂಟು ಕ್ಲಚ್ ಕೇಬಲ್ ಮೂಲಕ ವಾಪಸ್ ಬಂದು ಒಳಗಿನ ಪ್ಲಾಸ್ಟಿಕ್ ಕರಗಿಸಿಬಿಡುತ್ತೆ, ಆಮೇಲೆ ಪೆಡಲ್ ಯಾಕೆ ಬಿಗಿ ಅಂತ ತಲೆ ಚಚ್ಕೋಬೇಕು. ಪುಣ್ಯಕ್ಕೆ ಹಾಕಿದ್ದ.

ಮನೇಲಿ ಕಟ್ಟಿದ ಗಾಡಿ ರಸ್ತೆಗೆ ಬರೋಕೆ ಬೇಕಾದ ಐವಿಎ ಟೆಸ್ಟ್ ಪಾಸಾಯ್ತು, ನಂಬರ್ ಪ್ಲೇಟ್ ಬಂತು. 300 ಮೈಲಿ ಓಡಿಸಿ ಮತ್ತೆ ಫೋನ್ ಮಾಡ್ದ. "ಅಣ್ಣಾ, 15 ಇದ್ದ ಫ್ರೀ ಪ್ಲೇ 11 ಆಗಿದೆ, ಕೇಬಲ್ ಹಿಗ್ಗಿದ್ರೆ ಜಾಸ್ತಿ ಆಗ್ಬೇಕಲ್ವಾ, ಇದೇನು ಕುಗ್ತಾ ಇದೆಯಾ?" ಕೇಬಲ್ ಅಲ್ಲ ಕಣೋ, ಹೊಸ ಪ್ಲೇಟ್ ಸವೆದು ಕೂತ್ಕೊಂಡಿದೆ, ಪ್ಲೇಟ್ ತೆಳ್ಳಗಾದಾಗ ಅದನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್ ಇಂಜಿನ್ ಕಡೆಯ ಚಕ್ರ, ಅಂದ್ರೆ ಫ್ಲೈವೀಲ್ ಕಡೆ ಸರಿಯುತ್ತೆ, ಅದರ ಸ್ಪ್ರಿಂಗಿನ ಬೆರಳುಗಳು ಬೇರಿಂಗ್ ಕಡೆಗೆ ಹೊರಗೆ ಬರ್ತವೆ, ಅದಕ್ಕೆ ಪೊಳ್ಳು ಕಮ್ಮಿ ಆಗೋದು ಅಂದೆ. ಪೆಡಲ್ಲಲ್ಲಿ 4 ಎಂಎಂ ಅಂದ್ರೆ ಕೇಬಲ್‌ನಲ್ಲಿ ಒಂದು ಎಂಎಂಗಿಂತ ಸ್ವಲ್ಪ ಕಮ್ಮಿ, 8 ಎಂಎಂ ನಟ್ ಒಂದು ಸುತ್ತಿಗೆ 1.25 ಎಂಎಂ ಸರಿಯುತ್ತೆ.

"ಹಾಗಾದ್ರೆ ಮುಕ್ಕಾಲು ಸುತ್ತು ಟೈಟ್ ಮಾಡ್ಲಾ?"

"ಸಡಿಲ ಮಾಡೋ, ಸಡಿಲ!"