ಹಂಡೆ ಒಲೆಗೆ ಬಿದ್ದ ಹಾಲಿನ ಕವರು

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಬೆಳಗಿನ ಜಾವ ಅಡುಗೆಮನೆಗಿಂತ ಮೊದಲು ಹೊಗೆಯೇಳುವುದು ಬಚ್ಚಲಿನಿಂದ. ಹಂಡೆ ಒಲೆ ಬೇಡವೆನ್ನುವ ವಸ್ತುವೇ ಇರಲಿಲ್ಲ. ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರ ಸವರುವಾಗ, ಉರುಳಿದ ಸಿಲ್ವರ್ ಓಕ್ ಕೊಂಬೆ, ಹಳೆಯ ಕಾಫಿ ಗಿಡದ ಬೊಡ್ಡೆ, ಅಡಿಕೆ ಸಿಪ್ಪೆ, ಒಣಗಿದ ಅಡಿಕೆ ಹಾಳೆ, ತೆಂಗಿನ ಮಟ್ಟೆ ಎಲ್ಲವನ್ನೂ ನುಂಗಿ ಮನೆಮಂದಿಗೆಲ್ಲ ಬಿಸಿನೀರು ಕೊಡುತ್ತಿತ್ತು. ಉಳಿದ ಬೂದಿ ಪಾತ್ರೆ ತಿಕ್ಕುವುದಕ್ಕೆ, ಹೆಚ್ಚಾದದ್ದು ತೆಂಗಿನ ಬುಡಕ್ಕೆ. ಇಂಧನ, ಕಸ ಎಂದು ಇಂದು ಎರಡು ಇಲಾಖೆಗಳು ನೋಡಿಕೊಳ್ಳುವ ವಿಷಯ ಆಗ ಒಂದೇ ಬಾಯಿಗೆ ಬೀಳುತ್ತಿತ್ತು.

ಅದೇ ಬಾಯಿಗೆ ಈಗ ಹಾಲಿನ ಕವರು ಬೀಳುತ್ತಿದೆ. ಆಷಾಢದ ಮಳೆಯಲ್ಲಿ ಸೌದೆ ಹಸಿಯಾಗಿರುತ್ತದೆ, ರೇಷನ್ನಿನ ಸೀಮೆಎಣ್ಣೆ ಹಳೆಯ ಮಾತಾಗಿದೆ. ಬಿಸ್ಕತ್ತಿನ ಪೊಟ್ಟಣವೋ ಹಾಲಿನ ಕವರೋ ಒಂದಿದ್ದರೆ ಬೆಂಕಿ ಚಕ್ಕನೆ ಹತ್ತುತ್ತದೆ. ಪ್ಲಾಸ್ಟಿಕ್ಕಿನ ಹೊಗೆ ವಿಷವೆಂದು ಆ ಮನೆಯ ಶಾಲೆಗೆ ಹೋಗುವ ಹುಡುಗಿಗೂ ಗೊತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಿಗೆ ಐವತ್ತು ವರ್ಷಗಳಲ್ಲಿ ಹೊಗೆರಹಿತ ಒಲೆ ಬಂತು, ಗೋಬರ್ ಗ್ಯಾಸ್ ಬಂತು, ಹಳ್ಳದ ಟರ್ಬೈನ್, ಹೊಂಗೆ ಎಣ್ಣೆ, ಸೋಲಾರ್, ಕೊನೆಗೆ ಕಸದ ಗಾಡಿಯೂ ಬಂತು. ಹಂಡೆ ಒಲೆ ಮಾತ್ರ ಇನ್ನೂ ಉರಿಯುತ್ತಿದೆ.

ಮೊದಲು ಬಂದದ್ದು ಒಲೆಯ ವಿಚಾರವೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕುಳಿತು ಲೆಕ್ಕ ಹಾಕಿದಾಗ, ಹಳ್ಳಿ ಬಳಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದೆಂದೂ ಅದರ ಬಹುಭಾಗ ಅಡುಗೆಗೇ ಹೋಗುತ್ತದೆಂದೂ ತಿಳಿಯಿತು. ಅಲ್ಲಿಂದ ಹುಟ್ಟಿದ್ದು ಮೂರು ಪಾತ್ರೆ ಕೂರುವ, ಚಿಮಣಿ ಇರುವ 'ಅಸ್ತ್ರ ಒಲೆ'. ಮೂರು ಕಲ್ಲಿನ ಒಲೆ ಸೌದೆಯ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನು ಪಾತ್ರೆಗೆ ಮುಟ್ಟಿಸಿದರೆ ಇದು ಅದರ ಮೂರು ಪಟ್ಟು ಮುಟ್ಟಿಸುತ್ತಿತ್ತು. 1980ರ ದಶಕದ ಮಧ್ಯಭಾಗದಿಂದ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿ 2002ರಲ್ಲಿ ಆ ಕಾರ್ಯಕ್ರಮ ಮುಗಿಯಿತು.

ಹಂಚಿದ ಲೆಕ್ಕ ಸಿಗುತ್ತದೆ, ಉರಿದ ಲೆಕ್ಕ ಸಿಗುವುದು ಕಷ್ಟ. ಮುಂದೆ ಬಂದ ಯೋಜನೆಗಳಿಗೂ ಅಂಟಿಕೊಂಡ ಜಾಡ್ಯ ಇದು. ಮಲೆನಾಡಿನಲ್ಲಿ ಅದರ ಜೊತೆಗೆ ಇನ್ನೊಂದು ಸಂಗತಿ ಇತ್ತು, ಅದನ್ನು ವಿಜ್ಞಾನಿಗಳಿಗಿಂತ ಚೆನ್ನಾಗಿ ಅಜ್ಜಿಯರು ಬಲ್ಲರು. ಇಲ್ಲಿ ಹೊಗೆಗೂ ಕೆಲಸವಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಮುಂದಿನ ವಾರದ ಸೌದೆ ಒಣಗುತ್ತಿತ್ತು, ಬೀಜದ ಸೌತೆ ತೂಗುತ್ತಿತ್ತು, ಹೆಂಚಿನ ಕೆಳಗಿನ ತೊಲೆಗೆ ಹುಳು ಹಿಡಿಯುತ್ತಿರಲಿಲ್ಲ. ನಾಲ್ಕು ತಿಂಗಳು ಮಳೆ ಹಿಡಿದರೆ ಮನೆಯನ್ನು ಬೆಚ್ಚಗಿಡುತ್ತಿದ್ದುದೂ ಅದೇ ಒಲೆ. ಚಿಮಣಿ ಹೊಗೆಯನ್ನು ಹೊರಗೆ ಕಳಿಸಿ ಹೆಂಗಸರ ಕಣ್ಣು, ಎದೆ ಕಾಪಾಡಿತು ನಿಜ. ಆದರೆ ಅಟ್ಟಕ್ಕೆ ಬದಲಿ ಏನು ಎಂದು ಯಾರೂ ಕೇಳಲಿಲ್ಲ. ಚಿಮಣಿಯಲ್ಲಿ ಮಸಿ ಕಟ್ಟಿಕೊಂಡಾಗ ತೆಗೆಯುವವರು ಬೇಕಿತ್ತು, ಒಲೆ ಬಿರುಕು ಬಿಟ್ಟಾಗ ಅದನ್ನು ಕಟ್ಟಲು ಬಲ್ಲವರು ಆಸುಪಾಸಿನಲ್ಲಿ ಇರಬೇಕಿತ್ತು.

ಗೋಬರ್ ಗ್ಯಾಸ್ ಇದಕ್ಕಿಂತ ಗಟ್ಟಿಯಾಗಿ ನೆಲೆಯೂರಿತು. ಖಾದಿ ಆಯೋಗದ ಮಾದರಿಯಲ್ಲಿ ಗ್ಯಾಸ್ ಹಿಡಿದಿಡುವ ತೇಲುವ ಕಬ್ಬಿಣದ ಡ್ರಮ್ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತಿತ್ತು. 1980ರ ದಶಕದಲ್ಲಿ ಇಟ್ಟಿಗೆ, ಸಿಮೆಂಟಿನಿಂದ ನೆಲದೊಳಗೆ ಕಟ್ಟುವ 'ದೀನಬಂಧು' ಮಾದರಿ ಬಂದಾಗ ಖರ್ಚೂ ಇಳಿಯಿತು, ತುಕ್ಕಿನ ಕಾಟವೂ ತಪ್ಪಿತು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೊ ಸಗಣಿ, ಅಷ್ಟೇ ನೀರು ಬೇಕು. ಇಲ್ಲಿಯೇ ಎರಡು ಸೀಮೆಗಳ ದಾರಿ ಬೇರೆಯಾಯಿತು. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಡೇರಿಗೆ ಹಾಲು ಹಾಕುವ ಮನೆಯಲ್ಲಿ ಕಟ್ಟಿ ಮೇಯಿಸುವ ಮಿಶ್ರತಳಿಯ ಮೂರು ನಾಲ್ಕು ಹಸುಗಳಿದ್ದರೆ ಸಗಣಿ ಬೇಕಾದಷ್ಟು. ಶೃಂಗೇರಿ, ಕೊಪ್ಪದ ಕಡೆ ಮಲೆನಾಡು ಗಿಡ್ಡ ದನ ಬೆಳಿಗ್ಗೆ ಗುಡ್ಡ ಹತ್ತಿದರೆ ಸಂಜೆಗೆ ಇಳಿಯುತ್ತದೆ. ಅದರ ಸಗಣಿಯಲ್ಲಿ ಅರ್ಧ ಗುಡ್ಡದ ಪಾಲು. ಸಾಲದ್ದಕ್ಕೆ, ಮಳೆಗಾಲದ ಚಳಿಗೆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ಮಂದವಾಗಿ ಗ್ಯಾಸೂ ಕಡಿಮೆಯಾಗುತ್ತದೆ.

ಗುಂಡಿ ತೋಡುವ ಕೆಲಸಕ್ಕೆ ಹಳೆಯ ಮುಯ್ಯಾಳು ಪದ್ಧತಿ ಹೊಸ ಹೆಸರಿನಲ್ಲಿ ಒದಗಿತು. 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾಗಿ ಆಮೇಲೆ ಘಟ್ಟ ಹತ್ತಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಪ್ರಗತಿಬಂಧು' ಗುಂಪುಗಳಲ್ಲಿ ಸಣ್ಣ ಹಿಡುವಳಿಯವರು ಸರದಿಯಂತೆ ಒಬ್ಬರ ಮನೆಗೆ ಇನ್ನೊಬ್ಬರು ಕೆಲಸಕ್ಕೆ ಹೋಗುತ್ತಾರೆ. ಗೋಬರ್ ಗ್ಯಾಸಿಗೆ, ಸೋಲಾರ್ ದೀಪಕ್ಕೆ ಈ ಗುಂಪುಗಳ ಮೂಲಕ ಸಾಲ ಕೊಟ್ಟ ಕೆಲಸಕ್ಕಾಗಿ ಆ ಯೋಜನೆಗೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಹೊರಗಿನಿಂದ ನೋಡಿದವರು ಹೊಗಳಿದ್ದು ಸಾಲದ ವ್ಯವಸ್ಥೆಯನ್ನು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕೈಯಾಳಿನ ಲೆಕ್ಕ. ಇವತ್ತು ನಿನ್ನ ಗುಂಡಿ, ನಾಡಿದ್ದು ನನ್ನದು.

ಈಗ ಹಲವು ಮನೆಗಳಲ್ಲಿ ಆ ಗುಂಡಿಗಳ ಮುಚ್ಚಳದ ಮೇಲೆ ಬಟ್ಟೆ ಒಣಗುತ್ತಿದೆ. ಮಕ್ಕಳು ಬೆಂಗಳೂರು ಸೇರಿದರು, ಕೊಟ್ಟಿಗೆ ಬರಿದಾಯಿತು. 2016ರ ಉಜ್ವಲದ ನಂತರ ಸಿಲಿಂಡರ್ ಬಡವರ ಮನೆಗೂ ಬಂತು. ಸಗಣಿ ಕದಡುವುದಕ್ಕಿಂತ ಫೋನ್ ಮಾಡುವುದು ಸುಲಭ, ಇದರಲ್ಲಿ ಬೈಯುವಂಥದ್ದೇನೂ ಇಲ್ಲ. ಆದರೆ ಸಿಲಿಂಡರ್ ಹಾಲು ಕಾಯಿಸುತ್ತದೆ, ಅನ್ನ ಬೇಯಿಸುತ್ತದೆ. ಸ್ನಾನಕ್ಕೆ ನೀರು ಕಾಯಿಸಲು ಅದನ್ನು ಉರಿಸುವಷ್ಟು ಯಾರಿಗೂ ಧೈರ್ಯವಿಲ್ಲ. ಅಲ್ಲಿಗೆ ಹಂಡೆ ಒಲೆ ಉಳಿಯಿತು.

ಹಳ್ಳದ ಟರ್ಬೈನಿನ ಕಥೆ ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು. ಘಟ್ಟದ ಅಂಚಿನ ಒಂಟಿಮನೆಗಳಿಗೆ ಕಂಬ ಹೋಗುವುದು ತಡವಾಯಿತು. ಹೋದ ಮೇಲೂ ಒಂದು ಮರ ಬಿದ್ದರೆ ವಾರಗಟ್ಟಲೆ ಕತ್ತಲು. ಮನೆಯ ಹಿಂದೆ ಮಾತ್ರ ಹಳ್ಳ ಧುಮುಕುತ್ತಲೇ ಇರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ 20 ಮೀಟರ್ ಇಳಿದು ಬಂದರೆ, ಅರ್ಧ ಶಕ್ತಿ ಸೋರಿಹೋದರೂ ಸುಮಾರು 1 ಕಿಲೋವ್ಯಾಟ್ ಉಳಿಯುತ್ತದೆ. ದೀಪ, ಟಿ.ವಿ., ಮಿಕ್ಸಿಗೆ ಅದು ಧಾರಾಳ. ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಅಂದರೆ ಕ್ರೆಡೆಲ್, ಸಹಾಯಧನ ಕೊಟ್ಟು ಮಲೆನಾಡಿನ ಜಿಲ್ಲೆಗಳಲ್ಲಿ ಇಂಥ ಪುಟ್ಟ ಟರ್ಬೈನುಗಳನ್ನು ಪ್ರೋತ್ಸಾಹಿಸಿತು. ಅದಕ್ಕೂ ಮೊದಲೇ ಕೈಗುಣವಿದ್ದ ಕೃಷಿಕರು ಹಳೆಯ ಡೈನಮೋ ಹಿಡಿದು ಪ್ರಯೋಗಕ್ಕಿಳಿದಿದ್ದರು.

ಇದರ ಚೆಂದ ಎರಡು ಕಡೆ ಇದೆ. ಒಂದು, ಸೂರ್ಯ ಮುಖ ತೋರಿಸದ ಜೂನ್, ಜುಲೈ ತಿಂಗಳಲ್ಲೇ ಇದು ಭರ್ಜರಿಯಾಗಿ ತಿರುಗುತ್ತದೆ. ಇನ್ನೊಂದು, ಟರ್ಬೈನನ್ನು ಫ್ಯಾನಿನಂತೆ ಬೇಕೆಂದಾಗ ನಿಲ್ಲಿಸುವಂತಿಲ್ಲ. ಮನೆಯವರು ಮಲಗಿ ದೀಪ ಆರಿಸಿದರೂ ಹಳ್ಳ ಮಲಗುವುದಿಲ್ಲ. ಮಿಕ್ಕ ಕರೆಂಟನ್ನು ಎಲ್ಲಾದರೂ ಸುರಿಯಲೇಬೇಕು, ಇಲ್ಲದಿದ್ದರೆ ಚಕ್ರ ಮಿತಿಮೀರಿ ತಿರುಗಿ ಹಾಳಾಗುತ್ತದೆ. ಅದಕ್ಕೆಂದೇ ಇರುವ ನಿಯಂತ್ರಕ ಆ ಹೆಚ್ಚುವರಿಯನ್ನು ನೀರು ಕಾಯಿಸುವ ಕಾಯ್ಲ್‌ಗೆ ತಿರುಗಿಸುತ್ತದೆ. ರಾತ್ರಿಯಿಡೀ ಹಳ್ಳವೇ ಸ್ನಾನದ ನೀರು ಕಾಯಿಸಿಡುತ್ತದೆ. ಹಂಡೆ ಒಲೆಗೆ ನಿಜವಾಗಿ ರಜೆ ಕೊಟ್ಟದ್ದು ಇದೊಂದೇ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ರಜೆ ಮುಗಿಯಿತು, ಅಷ್ಟೇ.

ಇದೇ ಸೀಮೆಯ ಜನ ಗುಂಡ್ಯದ 200 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆಯನ್ನು ವರ್ಷಗಟ್ಟಲೆ ವಿರೋಧಿಸಿದರು. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ತಜ್ಞರ ಸಮಿತಿಯೂ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದಿತು. ನೀರಿನಿಂದ ಬಂದ ಕರೆಂಟೆಲ್ಲ ಶುದ್ಧವೆಂದು ಕಾಗದದಲ್ಲಿ ಬರೆದಿರುತ್ತದೆ. ಆರಿಂಚಿನ ಪೈಪಿನಲ್ಲಿ ಹಳ್ಳವನ್ನು ತುಸು ತಿರುಗಿಸಿ ಮತ್ತೆ ಹಳ್ಳಕ್ಕೇ ಬಿಡುವುದಕ್ಕೂ, ಕಣಿವೆಯನ್ನೇ ಮುಳುಗಿಸಿ ಹೊಳೆಯನ್ನು ಸುರಂಗಕ್ಕೆ ಹಾಕುವುದಕ್ಕೂ ಇರುವ ಅಂತರ ಸಕಲೇಶಪುರದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಸನದ ಬಯಲಿನ ಭಾಗದಲ್ಲಿ ಹಳ್ಳವಿಲ್ಲ, ಹೊಂಗೆ ಇದೆ. ಊರ ಮುಂದಿನ ಹೊಂಗೆ ನೆರಳು, ಗದ್ದೆಗೆ ಹೊಂಗೆ ಸೊಪ್ಪು, ದೀಪಕ್ಕೆ ಹೊಂಗೆ ಎಣ್ಣೆ ಇದ್ದ ಸೀಮೆ ಇದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿದಾಗ ಮುಂದಿಟ್ಟ ವಿಚಾರ ಸರಳವಾಗಿತ್ತು. ಅನ್ನ ಬೆಳೆಯುವ ನೆಲ ಮುಟ್ಟಬೇಡಿ, ಬದು, ಬೇಲಿ, ಖಾಲಿ ಜಾಗದಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿ. ಊರೂರಲ್ಲಿ ರೈತರ ಜೈವಿಕ ಇಂಧನ ಸಂಘಗಳಾದವು. ಬೀಜ ಆರಿಸಿದವರಿಗೆ ಕಾಸು, ಎಣ್ಣೆ ಯಂತ್ರಕ್ಕೆ, ಹಿಂಡಿ ಮತ್ತೆ ತೋಟಕ್ಕೆ. ಅದೇ ದಶಕದಲ್ಲಿ ರಾಜ್ಯ ಸರ್ಕಾರ 'ಬರಡು ಬಂಗಾರ', 'ಹಸಿರು ಹೊನ್ನು' ಎಂಬ ಹೆಸರಿನಲ್ಲಿ ಇಂಥ ಗಿಡ ನೆಡಿಸಿತು.

ಸುಮಾರು 4 ಕಿಲೊ ಹೊಂಗೆ ಬೀಜ ಅರೆದರೆ 1 ಲೀಟರ್ ಎಣ್ಣೆ. ಬಿಸಿಲಲ್ಲಿ ಬಗ್ಗಿ ಕಾಯಿ ಆರಿಸಿ, ಬಡಿದು, ಒಣಗಿಸಿ 4 ಕಿಲೊ ಬೀಜ ಮಾಡುವ ಹೆಂಗಸಿಗೆ ಅಡಿಕೆ ಸುಲಿಯುವ ಕೂಲಿಯಷ್ಟಾದರೂ ಸಿಗಬೇಕು, ಡೀಸೆಲಿಗಿಂತ ಎಣ್ಣೆ ದುಬಾರಿಯೂ ಆಗಬಾರದು. ಈ ಎರಡು ತುದಿಗಳನ್ನು ಗಂಟು ಹಾಕುವುದು ಸುಲಭವಲ್ಲ. ಆದರೂ ಇದನ್ನು ಸೋತ ಪ್ರಯೋಗ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇರೆಲ್ಲ ಯೋಜನೆ ಹೊರಗಿನಿಂದ ಒಂದು ಪೆಟ್ಟಿಗೆ ತಂದು ಮನೆಯಲ್ಲಿಟ್ಟಿತು. ಇದು ಊರಿನಲ್ಲಿ ಬಿದ್ದು ಕೊಳೆಯುತ್ತಿದ್ದುದನ್ನು ಹೆಕ್ಕಿ ಎತ್ತಿತು.

ಸೋಲಾರಿನ ಹಿನ್ನೆಲೆ ಹೆಚ್ಚಿನವರಿಗೆ ತಿಳಿದದ್ದೇ. ಹರೀಶ್ ಹಂದೆ 1995ರಲ್ಲಿ ಕಟ್ಟಿದ ಸೆಲ್ಕೊ ಎಂಬ ಸೋಲಾರ್ ಕಂಪನಿ, ಬ್ಯಾಂಕ್ ಸಾಲದ ಜೊತೆ ದೀಪ ಕೊಡುವ ದಾರಿ ತೋರಿಸಿತು. ದೀಪ ಕೆಟ್ಟರೆ ಬರುವವನೊಬ್ಬ ಹತ್ತಿರದ ಪಟ್ಟಣದಲ್ಲಿ ಇರಬೇಕೆಂದು ಪಟ್ಟು ಹಿಡಿದದ್ದೇ ಅದರ ಗುಟ್ಟು. ಸೋಲಾರ್ ವಾಟರ್ ಹೀಟರಿಗೆ ವಿದ್ಯುತ್ ಕಂಪನಿಗಳು ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಟ್ಟವು. ಹಾಸನ ಪಟ್ಟಣದ ತಾರಸಿಗಳ ಮೇಲೆ ಅವು ಸಾಲುಗಟ್ಟಿದವು, ಮಲೆನಾಡಿನಲ್ಲಿ ಮಳೆಗಾಲಕ್ಕೆ ಮತ್ತೆ ಹಂಡೆಯೇ ಗತಿ.

ಈಗಿನ ಗೊಂದಲ ಬೇರೆ ತರಹದ್ದು. 2023ರ ಜುಲೈನಿಂದ ರಾಜ್ಯದ ಗೃಹಜ್ಯೋತಿ ಯೋಜನೆ ಮನೆಯ ಕರೆಂಟನ್ನು ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿಯ ಮೇಲೆ ಶೇ 10 ಸೇರಿಸಿ, ಉಚಿತ ಮಾಡಿತು. 2024ರ ಫೆಬ್ರುವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಬಂತು. ಚಾವಣಿಯ ಮೇಲೆ 2 ಕಿಲೋವ್ಯಾಟ್ ಹಾಕಿದರೆ 60,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ತಿಂಗಳಿಗೆ 60 ಯೂನಿಟ್ ಉರಿಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ಹೋಗಿ, ಕೈಯಿಂದ ಲಕ್ಷದ ಹತ್ತಿರ ಹಾಕಿ, ನಿನ್ನ ಬಿಲ್ ಸೊನ್ನೆಯಾಗುತ್ತದೆ ಎಂದರೆ ಯಾರು ಕೇಳಿಯಾರು? ಬಡವರ ಮನೆಯ ಬಿಲ್ ಇಳಿದದ್ದು ಒಳ್ಳೆಯದೇ. ಆದರೆ ಚಾವಣಿ ಸೋಲಾರ್ ಸದ್ಯಕ್ಕೆ ಹೆಚ್ಚು ಉರಿಸುವ ದೊಡ್ಡ ಮನೆ, ಹೋಂಸ್ಟೇಗಳ ಸಂಗತಿಯಾಗಿ ಉಳಿದರೆ ಆಶ್ಚರ್ಯವಿಲ್ಲ. ಮಲೆನಾಡಿನ ಹೆಂಚಿನ ಮಾಡಿಗೆ ಇನ್ನೂ ಒಂದು ತೊಡಕು. ಹೆಂಚಿನ ಮೇಲೆ ಚೌಕಟ್ಟು ಕೂರಿಸುವುದು ನಾಜೂಕಿನ ಕೆಲಸ. ಕೂರಿಸಿದರೂ ಬ್ಯಾಟರಿ ಇಲ್ಲದ ವ್ಯವಸ್ಥೆ, ಲೈನ್‌ಮನ್ ಜೀವ ಉಳಿಸಲೆಂದು, ಕಂಬದಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಮರ ಬಿದ್ದು ಮೂರು ದಿನ ಕತ್ತಲಾದಾಗ ತಲೆಯ ಮೇಲೆ ಪ್ಯಾನಲ್ ಇಟ್ಟುಕೊಂಡು ಮೇಣದಬತ್ತಿ ಹುಡುಕಬೇಕು. ಅರಸೀಕೆರೆ, ಕಡೂರಿನ ಬಿಸಿಲಿಗೆ ಹೊಲಿದ ಅಂಗಿ ಮೂಡಿಗೆರೆಗೆ ಹೊಂದುವುದಿಲ್ಲ.

ಇನ್ನು ಕಸ. ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಎನ್ನುತ್ತಾರೆ. ನಮ್ಮಲ್ಲಿ ತಿಪ್ಪೆ ತಿಪ್ಪೆಯಾಗಿಯೇ ಉಳಿಯಿತು, ಅದರೊಳಗಿನ ಸರಕು ಬದಲಾಯಿತು. ಸೊಪ್ಪು, ಸಗಣಿ, ಬೂದಿಯ ತಿಪ್ಪೆ ಯುಗಾದಿಯ ಹೊತ್ತಿಗೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಗುಟ್ಕಾ ಪೊಟ್ಟಣ, ಶಾಂಪೂ ಪೊಟ್ಟಣ ಸೇರಿದ ಮೇಲೆ ಅದೇ ಗೊಬ್ಬರದ ಜೊತೆ ಪ್ಲಾಸ್ಟಿಕ್ಕೂ ಹೊಲ ಸೇರಿತು. ಪಟ್ಟಣಗಳಿಗೆ ಕಸದ ನಿಯಮ 2000ದಲ್ಲಿ ಬಂತು. 2016ರ ಹೊಸ ನಿಯಮ ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಲು ಹೇಳಿತು, ಅದೇ ವರ್ಷ ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಬೇರ್ಪಡಿಸದೆ ಒಯ್ದ ಹಾಸನದ ಕಸದ ವಾಸನೆ ಅದನ್ನು ಸುರಿಯುವ ಅಗಿಲೆಯವರ ಮೂಗಿಗೆ, ಚಿಕ್ಕಮಗಳೂರಿನದು ಇಂದಾವರದವರ ಮೂಗಿಗೆ. ಮುಳ್ಳಯ್ಯನಗಿರಿಯಲ್ಲಿ, ಚಾರ್ಮಾಡಿ ತಿರುವುಗಳಲ್ಲಿ ಪ್ರವಾಸಿಗರು ಎಸೆದ ಬಾಟಲಿ ಹೆಕ್ಕಲು ಸ್ಥಳೀಯ ಯುವಕರು ಭಾನುವಾರ ಚೀಲ ಹಿಡಿದು ಹೊರಡುತ್ತಾರೆ. ಮುಂದಿನ ಶನಿವಾರ ಮತ್ತೆ ಅಷ್ಟೇ ಬಾಟಲಿ.

ಹಳ್ಳಿಗೆ ವ್ಯವಸ್ಥೆ ಬಂದದ್ದು 2020ರಲ್ಲಿ ಸ್ವಚ್ಛ ಭಾರತದ ಎರಡನೇ ಹಂತ ಆರಂಭವಾದ ಮೇಲೆ. ಗ್ರಾಮ ಪಂಚಾಯಿತಿಗಳಲ್ಲಿ ಕಸ ವಿಂಗಡಿಸುವ 'ಸ್ವಚ್ಛ ಸಂಕೀರ್ಣ'ಗಳಾದವು, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಒಣಕಸ ವಿಂಗಡಣೆಯ ಹೊಣೆ ಹೊತ್ತರು, ಹಲವು ಕಡೆ 'ಸ್ವಚ್ಛ ವಾಹಿನಿ' ಗಾಡಿಯ ಸ್ಟೀರಿಂಗ್ ಕೂಡ ಅವರ ಕೈಗೇ ಬಂತು. ನಿನ್ನೆ ಮೊನ್ನೆ ತನಕ ಸ್ಕೂಟರನ್ನೂ ಓಡಿಸದಿದ್ದ ಹೆಂಗಸು ಊರ ನಡುವೆ ನಾಲ್ಕು ಚಕ್ರದ ಗಾಡಿ ತಿರುಗಿಸುವುದನ್ನು ನೋಡಿದವರು ಕಸದ ಬಗ್ಗೆ ಅಲ್ಲದಿದ್ದರೂ ಬೇರೆಯದರ ಬಗ್ಗೆ ಅಭಿಪ್ರಾಯ ಬದಲಿಸಿಕೊಂಡಿರಬೇಕು.

ಗಾಡಿ ಬರುವುದು ಡಾಂಬರು ಇರುವ ತನಕ. ಬಯಲುಸೀಮೆಯ ಒತ್ತೊತ್ತಾದ ಊರಿನಲ್ಲಿ ಒಂದು ಗಂಟೆಗೆ ನೂರು ಮನೆ ಮುಗಿಯುತ್ತದೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ ಕಾಫಿ ತೋಟ, ನಡುವೆ ಒಂದು ಕಾಲುಸಂಕ, ಆಮೇಲೆ ಗೇಟು. ಎಸ್ಟೇಟಿನ ಕೂಲಿ ಲೈನುಗಳಿಗೆ ಇನ್ನೂ ದೂರ. ಡೀಸೆಲ್ ಖರ್ಚು ನೋಡಿದರೆ ಪಂಚಾಯಿತಿಯನ್ನು ದೂರುವಂತೆಯೂ ಇಲ್ಲ. ಅಂಥ ಕೆಲವು ಮನೆಗಳಲ್ಲಿ ಈಗ ಬಚ್ಚಲಿನ ಹೊರಗೋಡೆಗೆ, ಸೌದೆ ಒಟ್ಟಿಲಿನ ಪಕ್ಕ, ಒಂದು ಖಾಲಿ ಗೊಬ್ಬರದ ಚೀಲ ತೂಗುಬಿದ್ದಿರುತ್ತದೆ. ಕವರು, ಪೊಟ್ಟಣವನ್ನೆಲ್ಲ ತೊಳೆದು ಅದಕ್ಕೆ ಹಾಕುತ್ತಾರೆ. ಚೀಲ ತುಂಬಿದಾಗ ಸಂತೆಗೆ ಹೋಗುವ ಜೀಪಿನಲ್ಲಿ ಹಾಕಿಕೊಂಡು ಹೋಗಿ ಸಂಕೀರ್ಣದ ಬಾಗಿಲಲ್ಲಿ ಇಳಿಸುತ್ತಾರೆ. ಚೀಲ ಇಲ್ಲದ ಮನೆಯಲ್ಲಿ ಒಲೆಯ ಬಾಯಿ ಅದೇ ಗೋಡೆಯ ಆಚೆ ಬದಿಗೆ, ಎರಡು ಮೊಳದಲ್ಲಿದೆ.