ತಪ್ಪು ಮಾಡಿದ್ದು ಯಾವಾಗ ಗೊತ್ತಾಗುತ್ತದೆ?

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟುತ್ತಿದ್ದ ದಿನಗಳಲ್ಲಿ, 1969ರ ಹೊತ್ತಿಗೆ, ಅದನ್ನು ಕಟ್ಟುತ್ತಿದ್ದ ಕೆನ್ ಥಾಂಪ್ಸನ್ ಒಂದು ಎಡಿಟರ್, ಅಂದರೆ ಪ್ರೋಗ್ರಾಂ ಟೈಪ್ ಮಾಡಿ ತಿದ್ದುವ ಸಲಕರಣೆ, ಬರೆದರು. ಅದರ ಹೆಸರು 'ಇಡಿ'. ಅದಕ್ಕೆ ಅರ್ಥವಾಗದ ಆಜ್ಞೆ ಕೊಟ್ಟರೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುತ್ತಿತ್ತು. ಏನು ತಪ್ಪು, ಎಲ್ಲಿ ತಪ್ಪು ಅನ್ನುವುದು ನಿಮ್ಮ ತಲೆನೋವು. ಇಡಿ ಇವತ್ತಿನ ಲಿನಕ್ಸ್‌ನಲ್ಲೂ ಸಿಗುತ್ತದೆ. ಈಗಲೂ ಅದೇ ಚಿಹ್ನೆ, ಅದೇ ಮೌನ.

'ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ, ಯಾವ ಎಡಿಟರ್ ಹಾಕಿಕೊಳ್ಳಲಿ' ಎಂದು ಯಾರಾದರೂ ಕೇಳಿದಾಗ ನನಗೆ ಆ ಚಿಹ್ನೆ ನೆನಪಾಗುತ್ತದೆ. ವೇಗ, ಸಂಬಳ, ಜನಪ್ರಿಯತೆ ಎಂದೆಲ್ಲ ಹೋಲಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡುವುದು ಒಂದನ್ನೇ. ನಾನು ಮಾಡಿದ ತಪ್ಪು ನನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಹಾಗೆ ನೋಡಹೊರಟರೆ ಭಾಷೆ ಬೇರೆ, ಎಡಿಟರ್ ಬೇರೆ ಎಂದು ಬಿಡಿಸಿ ನೋಡುವುದೇ ಕಷ್ಟವಾಗುತ್ತದೆ.

ಪೈಥಾನ್‌ನಿಂದಲೇ ಶುರು ಮಾಡೋಣ. 1991ರಲ್ಲಿ ಹೊರಬಂದ ಈ ಭಾಷೆ ಓದಲು ಸಲೀಸು, ಬರೆಯಲು ಇನ್ನೂ ಸಲೀಸು. ಆದರೆ ಒಂದು ಸಾಲಿನಲ್ಲಿ ಹೆಸರು ತಪ್ಪಿದ್ದರೆ, ಪ್ರೋಗ್ರಾಂ ಓಡುತ್ತಾ ಆ ಸಾಲಿಗೆ ಬಂದಾಗಲೇ ಪೈಥಾನ್ ಮುಗ್ಗರಿಸುತ್ತದೆ. ಒಮ್ಮೆ ನಾನು ರಾತ್ರಿಯಿಡೀ ಓಡಬೇಕಾದ ಒಂದು ಸ್ಕ್ರಿಪ್ಟ್ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಲೆಕ್ಕವೆಲ್ಲ ಮುಗಿದಿತ್ತು. ಫಲಿತಾಂಶವನ್ನು ಫೈಲಿಗೆ ಬರೆಯುವ ಕೊನೆಯ ಸಾಲಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. ಎಂಟು ಗಂಟೆಯ ಕೆಲಸ ಹೋಯಿತು. ತಪ್ಪು ನನ್ನದೇ, ಆದರೆ ರಾತ್ರಿಯೇ ಯಾರಾದರೂ ಹೇಳಬಹುದಿತ್ತು, ಅಲ್ವಾ?

ಸಿ ಭಾಷೆ ಆ ಹೆಸರಿನ ತಪ್ಪನ್ನು ಓಡುವ ಮೊದಲೇ ಹಿಡಿಯುತ್ತದೆ. ಅದಕ್ಕೆ ಕಂಪೈಲರ್, ಅಂದರೆ ಇಡೀ ಪ್ರೋಗ್ರಾಂ ಅನ್ನು ಮೊದಲೇ ಓದಿ ಯಂತ್ರದ ಭಾಷೆಗೆ ಬದಲಿಸುವ ಸಲಕರಣೆ, ಇದೆ. ಆದರೆ ಮೆಮೊರಿಯಲ್ಲಿ ಕಾದಿರಿಸಿದ ಹತ್ತು ಮನೆಯ ಸಾಲಿನಲ್ಲಿ ಹನ್ನೊಂದನೇ ಮನೆಗೆ ಬರೆಯಹೊರಟರೆ ಅದು ಸಾಮಾನ್ಯವಾಗಿ ತಡೆಯುವುದಿಲ್ಲ. ಪಕ್ಕದವರ ಮೆಮೊರಿಯ ಮೇಲೆ ಬರೆದು ಮುಂದೆ ಹೋಗುತ್ತದೆ. ಆ ತಪ್ಪು ನಾಳೆ ಕಾಣಬಹುದು, ಐದು ವರ್ಷ ಬಿಟ್ಟು ಕಾಣಬಹುದು, ಅಥವಾ ನಿಮಗಿಂತ ಮೊದಲು ಹ್ಯಾಕರ್‌ಗೆ ಕಾಣಬಹುದು. ತನ್ನ ಉತ್ಪನ್ನಗಳ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಇಂಥ ಮೆಮೊರಿ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿಕೊಂಡಿತ್ತು. ಸಿ ಮತ್ತು ಸಿ++ ಬಳಕೆಯ ಫಲ ಅದು.

ರಸ್ಟ್ ಹುಟ್ಟಿದ್ದು ಈ ಸಿಟ್ಟಿನಿಂದಲೇ ಎನ್ನಬಹುದು. ಗ್ರೇಡನ್ ಹೋರ್ ಸ್ವಂತಕ್ಕೆಂದು ಶುರು ಮಾಡಿದ ಭಾಷೆ ಇದು. ಆಮೇಲೆ ಮೊಜಿಲ್ಲಾ ಅದಕ್ಕೆ ಆಸರೆಯಾಯಿತು. 1.0 ಆವೃತ್ತಿ 2015ರ ಮೇ ತಿಂಗಳಲ್ಲಿ ಬಂತು. ಅದರ ಮುಖ್ಯ ನಿಯಮ ಸರಳ: ಒಂದು ಮಾಹಿತಿಯನ್ನು ಒಂದೇ ಹೊತ್ತಿಗೆ ಎಷ್ಟು ಕಡೆಯಿಂದ ಬೇಕಾದರೂ ಓದಬಹುದು, ಇಲ್ಲವೇ ಒಂದೇ ಕಡೆಯಿಂದ ಬದಲಿಸಬಹುದು. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಇದನ್ನು ಕಾಯುವ ಭಾಗದ ಹೆಸರು ಬಾರೋ ಚೆಕ್ಕರ್, ಅಂದರೆ ಎರವಲು ಪರೀಕ್ಷಕ. ಹೆಸರಿನಲ್ಲಿ 'ಬಾರೋ' ಎಂದಿದ್ದರೂ ಹೊಸಬರನ್ನು ಅದು ಒಳಗೆ ಬಿಡುವುದು ಅಪರೂಪ! ಮೊದಲ ಕೆಲವು ವಾರ ಅದರ ಜೊತೆ ಜಗಳವೇ ಆಗುತ್ತದೆ. ಆದರೆ ಅದು ಬೈಯುವ ರೀತಿ ಚೆನ್ನಾಗಿದೆ. ತಪ್ಪಿರುವ ಸಾಲನ್ನು ತೋರಿಸುತ್ತದೆ, ಅಡಿಗೆರೆ ಎಳೆಯುತ್ತದೆ, ಕಾರಣ ಹೇಳುತ್ತದೆ, ಎಷ್ಟೋ ಸಲ ಹೀಗೆ ಬರೆದು ನೋಡಿ ಎಂದು ಉತ್ತರವನ್ನೂ ಕೊಡುತ್ತದೆ. ಇಡಿಯ ಪ್ರಶ್ನಾರ್ಥಕ ಚಿಹ್ನೆಯಿಂದ ಇಲ್ಲಿಗೆ ಎಷ್ಟು ದೂರ ನೋಡಿ.

ಗೋ ಭಾಷೆಯ ಹಟವೇ ಬೇರೆ. ಬೇರೆ ಕಡೆಯ ಕೋಡನ್ನು ಇಂಪೋರ್ಟ್ ಮಾಡಿ, ಅಂದರೆ ತರಿಸಿಕೊಂಡು, ಬಳಸದೆ ಬಿಟ್ಟರೆ ಅದು ಕಂಪೈಲ್ ಮಾಡಲು ಒಪ್ಪುವುದಿಲ್ಲ. ಅದೂ ತಪ್ಪೇ. ಸುಮ್ನೆ ಒಂದು ಸಾಲನ್ನು ಕಮೆಂಟ್ ಮಾಡಿ, ಅಂದರೆ ಓಡದಂತೆ ಬದಿಗಿಟ್ಟು, ಪರೀಕ್ಷಿಸೋಣ ಎಂದರೆ, ಮೇಲೆ ಹೋಗಿ ಇಂಪೋರ್ಟ್ ಅಳಿಸಬೇಕು, ಆಮೇಲೆ ಮತ್ತೆ ಸೇರಿಸಬೇಕು. ಕಿರಿಕಿರಿ. ಆದರೆ ಸರಿಯಾಗಿ ಹೊಂದಿಸಿಕೊಂಡ ಎಡಿಟರ್‌ನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಫೈಲ್ ಸೇವ್ ಮಾಡಿದ ಕೂಡಲೇ ಬೇಡದ ಇಂಪೋರ್ಟ್ ಹೋಗುತ್ತದೆ, ಬೇಕಾದ್ದು ತಾನೇ ಬರುತ್ತದೆ. ಭಾಷೆಯ ಹಟವನ್ನು ಎಡಿಟರ್ ನುಂಗಿಕೊಂಡಿತು.

ಇದರ ತಿರುಗು ಉದಾಹರಣೆಯೂ ಇದೆ. 2015ರಲ್ಲಿ ಬಂದ ಪೈಥಾನ್ 3.5 ಟೈಪ್ ಸೂಚನೆಗಳಿಗೆ ಒಂದು ಗೊತ್ತಾದ ರೀತಿ ಕೊಟ್ಟಿತು. ಇದು ಸಂಖ್ಯೆ, ಇದು ಪಠ್ಯ ಎಂದು ನೀವು ಬರೆದಿಡಬಹುದು. ಓಡುವಾಗ ಪೈಥಾನ್ ಅವನ್ನು ಪಾಲಿಸು ಎಂದು ಒತ್ತಾಯ ಮಾಡುವುದಿಲ್ಲ. ಅವುಗಳನ್ನು ಓದುವುದು ಮೈಪೈ, ಪೈರೈಟ್‌ನಂಥ ಹೊರಗಿನ ಸಲಕರಣೆಗಳು. ಅವು ಎಡಿಟರ್‌ನಲ್ಲಿದ್ದರೆ ಪೈಥಾನ್ ಹೆಚ್ಚು ಕಟ್ಟುನಿಟ್ಟಿನ ಭಾಷೆ. ಇಲ್ಲದಿದ್ದರೆ ಅದೇ ಸಡಿಲ ಭಾಷೆ. ನನ್ನ ಆ ರಾತ್ರಿಯ ಒಂದು ಅಕ್ಷರಕ್ಕೆ ಪೈರೈಟ್ ಆಗಲೇ ಕೆಂಪು ಗೆರೆ ಎಳೆದಿರುತ್ತಿತ್ತು.

ಹಾಗಾದರೆ ಎಡಿಟರ್‌ಗೆ ಈ ಬುದ್ಧಿ ಬಂದದ್ದು ಹೇಗೆ? ಮೊದಲೆಲ್ಲ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಯನ್ನೂ ಬೇರೆ ಬೇರೆಯಾಗಿ ಕಲಿಸಬೇಕಿತ್ತು. ಹತ್ತು ಎಡಿಟರ್, ಇಪ್ಪತ್ತು ಭಾಷೆ ಎಂದರೆ ಇನ್ನೂರು ಪ್ಲಗಿನ್, ಅಂದರೆ ಎಡಿಟರ್‌ಗೆ ಸೇರಿಸುವ ಬಿಡಿ ಭಾಗಗಳು. ಅವುಗಳಲ್ಲಿ ಜಾಸ್ತಿ ಅರೆಬೆಂದವು. ಹೊಸ ಭಾಷೆ ಹುಟ್ಟಿಸಿದವರಿಗೆ ಹತ್ತು ಪ್ಲಗಿನ್ ಬರೆಯುವ ಪುರುಸೊತ್ತು ಎಲ್ಲಿಂದ ಬರಬೇಕು? 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕಂಪನಿಗಳು ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದರೆ ಎಲ್‌ಎಸ್‌ಪಿ, ಎಂಬ ಒಪ್ಪಂದವನ್ನು ಮುಂದಿಟ್ಟವು. ಭಾಷೆ ಗೊತ್ತಿರುವ ಒಂದು ಪ್ರೋಗ್ರಾಂ, ಅದೇ ಸರ್ವರ್, ಪಕ್ಕದಲ್ಲಿ ಬೇರೆಯಾಗಿ ಓಡುತ್ತಿರುತ್ತದೆ. ಎಡಿಟರ್ ಅದಕ್ಕೆ ಚಿಕ್ಕ ಚಿಕ್ಕ ಸಂದೇಶ ಕಳಿಸುತ್ತದೆ: 'ಈ ಫೈಲ್ ತೆರೆದರು', 'ಮೂರನೇ ಸಾಲು ಬದಲಾಯಿತು', 'ಕರ್ಸರ್ ಕೆಳಗಿರುವ ಈ ಹೆಸರು ಹುಟ್ಟಿದ್ದು ಎಲ್ಲಿ?' ಉತ್ತರವೂ ಸಂದೇಶವಾಗಿಯೇ ಬರುತ್ತದೆ. ಇನ್ನೂರು ಪ್ಲಗಿನ್ ಇದ್ದ ಕಡೆ ಈಗ ಇಪ್ಪತ್ತು ಸರ್ವರ್, ಮಾತಾಡಲು ಕಲಿತ ಹತ್ತು ಎಡಿಟರ್ ಸಾಕು. ರಸ್ಟ್ ಭಾಷೆಯ ಸರ್ವರ್ ಆದ ರಸ್ಟ್ ಅನಲೈಜರ್, ವಿಎಸ್ ಕೋಡ್ ಎಂಬ ಎಡಿಟರ್‌ಗೆ ಹೇಳುವುದನ್ನೇ ನಿಯೋವಿಮ್‌ಗೂ ಇಮ್ಯಾಕ್ಸ್‌ಗೂ ಹೇಳುತ್ತದೆ.

ಸರ್ವರ್‌ನ ಕೆಲಸ ಮಾತ್ರ ಸುಲಭದ್ದಲ್ಲ. ನಾವು ಟೈಪ್ ಮಾಡುತ್ತಿರುವಾಗ ಕೋಡ್ ಹೆಚ್ಚಿನ ಹೊತ್ತು ತಪ್ಪೇ ಆಗಿರುತ್ತದೆ. ಆವರಣ ತೆರೆದಿರುತ್ತದೆ, ಮುಚ್ಚಿರುವುದಿಲ್ಲ. ಅರ್ಧ ಹೆಸರು ಮಾತ್ರ ಬಂದಿರುತ್ತದೆ. ಕಂಪೈಲರ್‌ ಆಗಿದ್ದರೆ ಇಲ್ಲಿಗೇ ಕೈಚೆಲ್ಲಬಹುದು. ಸರ್ವರ್ ಹಾಗೆ ಮಾಡುವಂತಿಲ್ಲ, ಮುರುಕು ವಾಕ್ಯದಲ್ಲೂ ಅರ್ಥ ಹುಡುಕಬೇಕು. ಅದೂ ಬೆರಳು ಮುಂದಿನ ಕೀಗೆ ಹೋಗುವಷ್ಟರಲ್ಲಿ. ತಡವಾಗಿ ಬಂದ ಸಲಹೆ ಬರೀ ಅಡ್ಡಿ. ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯ ತಂಡ ತನ್ನ ಕಂಪೈಲರ್ ಅನ್ನು ಗೋ ಭಾಷೆಗೆ ಬದಲಿಸುತ್ತಿರುವುದಾಗಿ 2025ರ ಮಾರ್ಚ್‌ನಲ್ಲಿ ಹೇಳಿದಾಗ ಕೊಟ್ಟ ಲೆಕ್ಕಗಳಲ್ಲಿ ಇದೂ ಇತ್ತು: ವಿಎಸ್ ಕೋಡ್‌ನ ಸ್ವಂತ ಕೋಡನ್ನು ಎಡಿಟರ್‌ನಲ್ಲಿ ತೆರೆಯಲು ಹಿಡಿಯುತ್ತಿದ್ದ ಸುಮಾರು 9.6 ಸೆಕೆಂಡ್ ಈಗ 1.2ಕ್ಕೆ ಇಳಿದಿದೆ.

ಇನ್ನೊಂದು ತಮಾಷೆಯ ತೊಡಕು. ಎಡಿಟರ್ ಮತ್ತು ಸರ್ವರ್ 'ಇಷ್ಟನೇ ಅಕ್ಷರ' ಎಂದು ಮಾತಾಡಿಕೊಳ್ಳಬೇಕಲ್ಲ, ಎಣಿಸುವುದು ಹೇಗೆ? 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಐದು: ಒತ್ತಕ್ಷರದಲ್ಲಿ ಒಂದು ವಿರಾಮ (ಅಕ್ಷರಗಳನ್ನು ಕೂಡಿಸುವ ಗುರುತು), ಇನ್ನೊಂದು ನ ಅಡಗಿವೆ. ಅವನ್ನು ಕೂಡಿಡುವ ಯುಟಿಎಫ್-8 ಎಂಬ ರೀತಿಯ ಬೈಟ್‌ಗಳಲ್ಲಿ ಎಣಿಸಿದರೆ ಹದಿನೈದು. ಎಲ್‌ಎಸ್‌ಪಿ ಮೊದಲಿಂದಲೂ ಯುಟಿಎಫ್-16 ಎಂಬ ಇನ್ನೊಂದು ರೀತಿಯ ಲೆಕ್ಕ ಹಿಡಿಯಿತು, ಅಂದರೆ ಇಲ್ಲಿ ಐದು. ಯಾರಾದರೂ ಬೈಟ್ ಎಣಿಸಿಬಿಟ್ಟರೆ ಆ ಸಾಲಿನಲ್ಲಿ ಕೆಂಪು ಗೆರೆ ತಪ್ಪಿಗಿಂತ ಎಷ್ಟೋ ಆಚೆ ಬೀಳುತ್ತದೆ. 2022ರ 3.17 ಆವೃತ್ತಿಯಿಂದ ಎರಡೂ ಕಡೆಯವರು ಮೊದಲೇ ಮಾತಾಡಿ ಬೇರೆ ಲೆಕ್ಕ ಆರಿಸಿಕೊಳ್ಳಬಹುದು.

ಎಡಿಟರ್ ಆರಿಸುವಾಗ ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ಮುಕ್ತ, ಎನ್ನುವುದನ್ನೂ ಸ್ವಲ್ಪ ಕೆದಕಿ ನೋಡಬೇಕು. ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಎಂಬ ಮುಕ್ತ ಲೈಸೆನ್ಸ್‌ನಲ್ಲಿದೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಳ್ಳುವ ಸಿದ್ಧ ಪ್ಯಾಕೇಜಿನ ಲೈಸೆನ್ಸ್ ಬೇರೆ. ಪೈರೈಟ್ ಮುಕ್ತ, ಅದರ ಮೇಲೆ ಕಟ್ಟಿದ ಪೈಲ್ಯಾನ್ಸ್ ಮುಕ್ತವಲ್ಲ. ಪೂರ್ತಿ ಮುಕ್ತವಾದದ್ದೇ ಬೇಕೆನ್ನುವವರಿಗೆ ಅದೇ ಮೂಲ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಂ ಇದೆ.

ಎಲ್ಲ ಎಡಿಟರ್‌ಗೂ ಒಂದೇ ಬುದ್ಧಿ ಸಿಕ್ಕಿದ ಮೇಲೆ ಆಯ್ಕೆಗೆ ಉಳಿದದ್ದು ಬಹುಪಾಲು ಬೆರಳಿನ ಅಭ್ಯಾಸ. ಆ ಅಭ್ಯಾಸಗಳು ತುಂಬಾ ಹಳೆಯವು. ಬಿಲ್ ಜಾಯ್ 1976ರ ಸುಮಾರಿಗೆ 'ವಿಐ' ಎಂಬ ಎಡಿಟರ್ ಬರೆಯುವಾಗ ದೂರದ ಕಂಪ್ಯೂಟರ್ ಜೊತೆ ಮಾತಾಡಲು ಅವರ ಮನೆಯಲ್ಲಿದ್ದದ್ದು 300 ಬಾಡ್ ಮೋಡೆಮ್. ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ. 80 ಅಕ್ಷರ ಅಗಲ, 24 ಸಾಲು ಎತ್ತರದ ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು. ಅಂಥ ಕಡೆ ಎರಡು ಅಕ್ಷರದಲ್ಲಿ ಒಂದು ಸಾಲು ಅಳಿಸುವ ಆಜ್ಞೆ ಹುಟ್ಟದೆ ಇನ್ನೇನು? ಅವರ ಎಡಿಎಂ-3ಎ ಎಂಬ, ಪರದೆ ಮತ್ತು ಕೀಲಿಮಣೆಯಷ್ಟೇ ಇದ್ದ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಇದ್ದವು. ಹಾಗಾಗಿ ಇವತ್ತಿಗೂ ವಿಐನ ಮುಂದಿನ ರೂಪವಾದ ವಿಮ್ ಬಳಸುವವರು ಆ ನಾಲ್ಕರಲ್ಲೇ ಓಡಾಡುತ್ತಾರೆ. ವಿಎಸ್ ಕೋಡ್‌ಗೆ ಹೋದವರೂ ಒಂದು ಪ್ಲಗಿನ್ ಹಾಕಿ ಅದೇ ಕೀಗಳನ್ನು ಜೊತೆಗೆ ಒಯ್ಯುತ್ತಾರೆ. ಆ ಟರ್ಮಿನಲ್‌ನಲ್ಲಿ ವಿಐನಲ್ಲಿ ಮತ್ತೆ ಮತ್ತೆ ಒತ್ತಬೇಕಾದ ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಹತ್ತಿರ. ಈಗ ಅದು ಮೇಲಿನ ಮೂಲೆ ಸೇರಿದೆ. ಅದಕ್ಕೇ ಎಷ್ಟೋ ಜನ ಕ್ಯಾಪ್ಸ್ ಲಾಕ್ ಕೀಯನ್ನೇ ಎಸ್ಕೇಪ್ ಮಾಡಿಕೊಂಡಿರುತ್ತಾರೆ. ನಾನೂ ಅಷ್ಟೇ. ಬೇರೆಯವರು ನನ್ನ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಲು ಕೂತಾಗ ಮಾತ್ರ ಸ್ವಲ್ಪ ಗಲಾಟೆಯಾಗುತ್ತದೆ.